ಸದ್ದು ಮಾಡದ ಕ್ಯಾಮೆರಾ

ಗಿರಾಕಿ ಕ್ಯಾಮೆರಾದ ಬಲಗಡೆಯ ತಿರುಪನ್ನು ಮತ್ತೊಮ್ಮೆ ತಿರುಗಿಸಿದ. ಎಡಗಡೆಯದು ಮಿಸುಕಲಿಲ್ಲ.

“ಫಿಲ್ಮ್ ಇದ್ರೆ ಎರಡೂ ಒಟ್ಟಿಗೆ ತಿರುಗ್ಬೇಕು. ಒಳಗೇನೂ ಇಲ್ಲ ಕಣ್ರೀ.”

ಹರಾಜಿನವನ ಮುಖ ಇಳಿಯಿತು. ‘ಒಳಗೆ ತೊಳೆಯದ ಫಿಲ್ಮ್ ಸಮೇತ’ ಎಂದು ಊರಿಗೆಲ್ಲ ಡಂಗುರ ಹೊಡೆದವನೇ ಅವನು. ತಂಗಿಯ ಜೊತೆ ಬಂದು ಅದನ್ನು ಮಾರಲು ಕೊಟ್ಟಿದ್ದ ಅಣ್ಣನನ್ನು ನೋಡಿದ. ಅಣ್ಣ ತಂಗಿಯನ್ನು ನೋಡಿದ. ಅವಳು ತೊಡೆಯ ಮೇಲಿನ ಚೀಲವನ್ನು ಅವುಚಿಕೊಂಡಳು. ಅಷ್ಟು ಸಾಕಾಯಿತು.

“ಕದ್ದೆಯೇನೇ?”

“ಕತ್ತಲಲ್ಲಿ ಕೂತು ತೆಗೆದೆ. ಕ್ಯಾಮೆರಾ ನಿನ್ನ ಪಾಲಿಗೆ ಬಂತು, ಬೇಕಾದ್ರೆ ಮಾರಿಕೋ. ಅಮ್ಮ ನಿನ್ನ ಪಾಲಿಗೆ ಬಂದಿಲ್ಲ.”

“ಅಮ್ಮನ ಫೋಟೋ ಮನೇಲಿ ರಾಶಿ ಬಿದ್ದಿವೆ. ಎಲ್ಲದ್ರಲ್ಲೂ ನಿದ್ದೆ ಹೊಡೀತಿದಾಳೆ. ಇನ್ನೊಂದು ಬೇಕಾ?”

ಅದು ಸುಳ್ಳಲ್ಲ. ಕ್ಯಾಮೆರಾ ಖಟಕ್ಕೆನ್ನುವಷ್ಟರಲ್ಲಿ ಅಮ್ಮ ಬೆಚ್ಚುತ್ತಿದ್ದಳು. ಮದುವೆಯ ಫೋಟೋದಲ್ಲೂ ಕಣ್ಣು ಮುಚ್ಚಿದ್ದಳು. ಕ್ಯಾಮೆರಾ ಕಾರ್ಖಾನೆಯಲ್ಲಿದ್ದ ಅಪ್ಪ ಹಟ ಹಿಡಿದು ಸದ್ದು ಮಾಡದ ಈ ಒಂದೇ ಒಂದು ಮಾದರಿ ಕಟ್ಟಿದ. ದುಬಾರಿ ಎಂದು ಕಾರ್ಖಾನೆ ಕೈಬಿಟ್ಟಿತು. ಅಪ್ಪ ಅದನ್ನು ಮನೆಗೆ ತಂದು ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿದ. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕಂಡದ್ದಿಷ್ಟು: ಅಪ್ಪನ ಬೆರಳು ಗುಂಡಿ ಒತ್ತಿತು, ಅಮ್ಮನ ರೆಪ್ಪೆ ಅಲುಗಲಿಲ್ಲ. “ತೆಗೀರಿ ಅಂದ್ರೆ!” ಎಂದು ಅಮ್ಮ ರೇಗಿದಳು. ತೆಗೆದಾಗಿತ್ತು. ಸುರುಳಿ ಮುಗಿಯಲಿ, ತೊಳೆಸೋಣ ಎಂದ ಅಪ್ಪ. ಸುರುಳಿಗಿಂತ ಮುಂಚೆ ಅಮ್ಮ ಮುಗಿದಳು. ಆಮೇಲೆ ತಾನು ಸಾಯುವ ತನಕ ಅವನು ಅದನ್ನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲೂ ಇಲ್ಲ.

“ನೋಡಮ್ಮ,” ಹರಾಜಿನವನು ಬೆಣ್ಣೆ ಹಚ್ಚಿದ, “ಫಿಲ್ಮ್ ವಾಪಸ್ ಹಾಕ್ಬಿಡು. ಇವರು ತೊಳೆಸಿದಾಗ ಮೊದಲ ಪ್ರತಿ ನಿಂಗೇ.”

“ಯಾರ್ರೀ ತೊಳೆಸ್ತಾರೆ?” ಗಿರಾಕಿ ಮೂಗು ಮುರಿದ. “ನನ್ನ ಗಾಜಿನ ಬೀರುನಲ್ಲಿ ಹಾಗೇ ಇರತ್ತೆ. ತೊಳೆದ್ರೆ ಯಾರದೋ ಅಮ್ಮನ ಫೋಟೋ. ತೊಳೀದಿದ್ರೇನೇ ಮಾಲು.”

“ನೀವ್ ಸ್ವಲ್ಪ ಬಾಯ್ಮುಚ್ಚಿ!” ಹರಾಜಿನವನು ಗದರಿದ.

ಅಣ್ಣ ಬಗ್ಗಿ ಚೀಲದ ಪಟ್ಟಿಗೆ ಕೈ ಹಾಕಿದ. ಅವಳು ಬಿಡಲಿಲ್ಲ.

“ಅದರಲ್ಲೂ ಕಣ್ಣು ಮುಚ್ಚಿದ್ರೆ ಏನ್ಮಾಡ್ತೀಯೇ, ಪೆದ್ದಿ?”

“ನೋಡಿ ಅಳ್ತೀನಿ. ನಿಂಗೇನು?”

“ಸರಿ. ಬಂದ ದುಡ್ಡಲ್ಲಿ ಅರ್ಧ ನಿಂಗೆ.”

ಅವಳು ಚೀಲವನ್ನು ತನ್ನತ್ತ ಎಳೆದುಕೊಂಡಳು.

“ಪೂರ್ತಿ ತಗೊಂಡು ಸಾಯಿ! ಚೀಲ ಬಿಡು.”

“ಕೊಡಲ್ಲ.”