ತವನಪ್ಪ ಬಿಟ್ಟ ರುಚಿ

ಎರಡನೇ ಮಹಾಯುದ್ಧದ ಲಡಾಯಿ ಮುಗಿದ ವರ್ಷ ಕಬನೂರಿನ ತವನಪ್ಪನ ಹೃದಯ ಸೋತು ಕಾಲು ಊದಿಕೊಂಡವು. ಉಪ್ಪು ಬಿಡದಿದ್ದರೆ ನೀರು ಎದೆಗೇರುತ್ತದೆ ಎಂದು ಕೊಲ್ಹಾಪುರದ ಡಾಕ್ಟರು ಹೇಳಿದ್ದರು. ಗಂಡನಿಗೆ ಆಸೆಯಾಗಬಾರದೆಂದು ಹೆಂಡತಿ ಚಂಪಾಬಾಯಿ ತಾನೂ ಸಪ್ಪೆ ಉಂಡಳು. ಹೊತ್ತು ಹೊತ್ತಿಗೆ ಔಷಧ ಕೊಟ್ಟಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವನ ಬೆನ್ನಿಗೆ ದಿಂಬು ಒಟ್ಟಿದಳು. ತವನಪ್ಪನ ಪಾಲಿಗೆ ಇದ್ದ ಕೆಲಸ ಒಂದೇ, ಬಾಯಿ ಕಟ್ಟುವುದು. ಆ ಪುಣ್ಯಾತ್ಮ ಅಕ್ಕನ ಮನೆಗೆ ಹೋಗಿ ಉಪ್ಪಿನಕಾಯಿ ನೆಕ್ಕಿ ಬರುತ್ತಿದ್ದ.

ಜೈನರಲ್ಲಿ ಮುನಿಗಳ ಎದುರು ಯಾವುದಾದರೊಂದು ರುಚಿಯನ್ನು ತ್ಯಾಗ ಮಾಡುವ ರೂಢಿ ಉಂಟು. ಡಾಕ್ಟರ ಮಾತು ಮುರಿದಾನು, ಹಾಗೆ ಹಿಡಿದ ನೇಮವನ್ನು ಗಂಡ ಮುರಿಯಲಾರ ಎಂಬುದು ಚಂಪಾಬಾಯಿಗೆ ಗೊತ್ತಿತ್ತು. ಊರಿಗೆ ಮುನಿಗಳು ಬಂದಾಗ ಅವನನ್ನು ಬಸದಿಗೆ ಕರೆದೊಯ್ದಳು.

"ಏನ ತ್ಯಾಗಾ ಮಾಡ್ತೀಪಾ?" ಎಂದು ಮುನಿಗಳು ಕೇಳಿದರು.

ತವನಪ್ಪ ಭಕ್ತಿಯಿಂದ ಕೈಮುಗಿದ. "ಸಾಯೂತನಕ ಬೆಲ್ಲ ಬಿಟ್ಟೆ, ಮಹಾರಾಜ."

ಬಸದಿಯ ಬಾಗಿಲು ದಾಟುವವರೆಗೆ ಚಂಪಾಬಾಯಿ ಹಲ್ಲು ಕಚ್ಚಿಕೊಂಡಿದ್ದಳು. ಹೊರಗೆ ಬಂದದ್ದೇ ಸಿಡಿದಳು. "ಡಾಕ್ಟರ ಬಿಡ ಅಂದದ್ದು ಉಪ್ಪ ರೀ! ಬೆಲ್ಲ ನಿಮಗ ಮೊದಲ ಸೇರೂದಿಲ್ಲ!"

"ಮುನಿಗಳ ಮುಂದ ಉಪ್ಪ ಬಿಟ್ಟೆ ಅಂದ್ರ ಖರೇನ ಬಿಡಬೇಕಾಗತೈತಲ್ಲ," ಎಂದ ತವನಪ್ಪ.

ಅವಳು ನಡುಬೀದಿಯಲ್ಲೇ ನಿಂತುಬಿಟ್ಟಳು.

"ನೀವು ಬೆಲ್ಲ ಬಿಟ್ರಿ. ನಿಮ್ಮ ಉಪ್ಪಿನ ಸಲುವಾಗಿ ನಾ ಏನ ಬಿಡಲಿ, ಕುಂಕುಮಾ?"