ಕರೆಯುವ ಹೆಸರು

"ಕಾಲರು ಮೊದಲು, ತೋಳು ಆಮೇಲೆ. ವಕೀಲಿಕೆ ಕಲಿತು ಇದನ್ನ ಮರೆತ್ಯಾ?" ಎನ್ನುತ್ತಾ ಇಸ್ತ್ರಿ ಅತ್ತೆ, ಅಂಗಡಿಯವನ ಮಗಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತುಕೊಂಡಳು. ಬಿಳಿ ಶರಟಿನ ತೋಳಿನ ಮೇಲೆ ಆಗಲೇ ಎರಡು ಗೆರೆ ಬಿದ್ದಿದ್ದವು. ಅತ್ತೆ ನೀರು ಚಿಮುಕಿಸಿ, ಪೆಟ್ಟಿಗೆಯನ್ನು ಒಂದೇ ಸಲ ಎಳೆದು ಎರಡನ್ನೂ ಅಳಿಸಿದಳು.

ಆ ಶರಟು ಹಾಕಿಕೊಳ್ಳಬೇಕಾದವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬನಿಯನ್ನಿನಲ್ಲೇ ಮಲಗಿದ್ದ. ನಲವತ್ತು ವರ್ಷ ಊರವರ ಬಟ್ಟೆಯ ಸುಕ್ಕು ತೆಗೆದವನ ಹತ್ತಿರ ಒಳ್ಳೆಯದು ಅನ್ನುವಂಥ ಶರಟು ಇದ್ದದ್ದು ಇದೊಂದೇ, ಅದನ್ನೂ ಸುಕ್ಕಾಗಿಯೇ ಇಟ್ಟಿದ್ದ. ನಿನ್ನೆ ಬೆಳಿಗ್ಗೆ ಮೇಜಿನ ಮುಂದೆ ಕುಸಿದು ಕೂತವನು ಮತ್ತೆ ಏಳಲಿಲ್ಲ. ಕುಸಿಯುವ ಮೊದಲು ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಪಕ್ಕಕ್ಕೆ ನಿಲ್ಲಿಸಿದ್ದ. ಯಾರದೋ ಪ್ಯಾಂಟು ಉಳಿಯಿತು. ಬೀದಿಯವರೆಲ್ಲ ಬೆಳಗಿನಿಂದ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದರು.

"ಅತ್ತೆ, ಅಪ್ಪ ಕೊನೇಲಿ ಏನಾದ್ರೂ ಅಂದನಾ?" ಎಂದು ಮಗಳು ಕೇಳಿದಳು. ನಿನ್ನೆ ಸಂಜೆ ಬಂದಾಗಿನಿಂದ ಇದು ಮೂರನೇ ಸಲ.

"ನೀರು ಕೇಳಿದ ಮಗಾ. ತರೋದ್ರೊಳಗೆ ಆಗೋಗಿತ್ತು."

"ನನ್ನನ್ನ... ಕರೆದನಾ?"

ಅತ್ತೆ ಗುಂಡಿಗಳ ಸಾಲಿನ ನಡುವೆ ಪೆಟ್ಟಿಗೆಯ ಮೂತಿಯನ್ನು ನಿಧಾನವಾಗಿ ತಿರುಗಿಸಿದಳು. "ಪುರುಸೊತ್ತೆಲ್ಲಿತ್ತು?" ಎಂದಳು.

ಇಸ್ತ್ರಿ ಅತ್ತೆ ರಕ್ತಸಂಬಂಧಿಯೇನಲ್ಲ. ಸತ್ತವನಿಗಿಂತ ಮೂರು ವರ್ಷ ದೊಡ್ಡವಳು. ಎದುರುಬದುರು ಮೇಜಿನಲ್ಲಿ ನಿಂತು ಅವನ ಜೊತೆ ಜಗಳವಾಡುತ್ತಲೇ ಮೂವತ್ತು ವರ್ಷ ದುಡಿದವಳು. ಮಗಳ ತಾಯಿ ತೀರಿಹೋದ ಮೇಲೆ ಮನೆಯಲ್ಲಿ ಗದರುವ ಅಧಿಕಾರವೂ ಅವಳಿಗೇ ಬಂದಿತ್ತು.

ಅಂಗಡಿಯ ಬಾಗಿಲಲ್ಲಿ ಜನ ಸೇರತೊಡಗಿದರು. ಹಲವರು ಇದೇ ಅಂಗಡಿಯಲ್ಲಿ ಇಸ್ತ್ರಿಯಾದ ಬಟ್ಟೆಯಲ್ಲೇ ಬಂದಿದ್ದರು. ಹನ್ನೊಂದು ಗಂಟೆಗೆ ಬರಬೇಕಾದ ವ್ಯಾನು ಇನ್ನೂ ಬಂದಿರಲಿಲ್ಲ. ನಿಂತವರು ಬೇರೆ ಏನು ಮಾಡಬೇಕೋ ತಿಳಿಯದೆ ಗೋಡೆಯ ಗೂಡುಗಳನ್ನು ನೋಡುತ್ತಿದ್ದರು. ಒಂದೊಂದು ಗೂಡಿನಲ್ಲೂ ಒಂದೊಂದು ಗಂಟು, ಗಂಟಿಗೊಂದು ಚೀಟಿ.

ಆ ಚೀಟಿಗಳಲ್ಲಿ ಯಾರ ನಿಜವಾದ ಹೆಸರೂ ಇರಲಿಲ್ಲ. ಗಿರಾಕಿ ಬಂದ ಎರಡನೇ ದಿನಕ್ಕೇ ಅಪ್ಪ ಅವರಿಗೊಂದು ಅಡ್ಡಹೆಸರು ಹುಡುಕಿ, ಚೀಟಿಯಲ್ಲಿ ಅದನ್ನೇ ಬರೆಯುತ್ತಿದ್ದ. ಹಾಗಾಗಿ ಒಂದು ಗಂಟೂ ಅದಲುಬದಲಾಗಿರಲಿಲ್ಲ.

ಹೈಸ್ಕೂಲಿನ ಗಣಿತದ ಮೇಷ್ಟ್ರು ಕನ್ನಡಕ ಏರಿಸಿ ತಮ್ಮ ಗಂಟನ್ನು ಗುರುತು ಹಿಡಿದರು. "ಸೀಮೆಸುಣ್ಣ! ಇದು ನಾನಾ?"

"ಇನ್ಯಾರು? ನಿಮ್ಮ ಜೇಬು ಕೊಡವಿ ಕೊಡವಿ ನಮಗೆ ಕೆಮ್ಮು ಬಂದಿದೆ," ಎಂದಳು ಅತ್ತೆ.

"ಇಪ್ಪತ್ತು ವರ್ಷದಿಂದ ಹಿಂಗೇ ಬರೀತಿದ್ನಾ?"

"ಎದುರಿಗೆ ಅಂತಿರ್ಲಿಲ್ಲ ಬಿಡಿ."

ಪಕ್ಕದಲ್ಲಿದ್ದ ಬಸ್ ಡ್ರೈವರ್ ನಗು ತಡೆಯಲು ಹೋಗಿ ಕರ್ಚೀಫು ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ಅವನಿಗೂ ತನ್ನ ಗಂಟು ಕಂಡಿತು. ಚೀಟಿಯಲ್ಲಿ 'ನಾಳೆ ಬರ್ತೀನಿ' ಎಂದಿತ್ತು. ನಗು ಹೋಗಿ ಅವನ ಕಣ್ಣಲ್ಲಿ ನೀರು ಬಂತು. "ಮೂರು ವಾರದಿಂದ ಹಂಗೇ ಹೇಳ್ತಿದ್ದೆ," ಎಂದ.

ಮಗಳು ಗೂಡುಗಳ ಮೇಲೆ ಕಣ್ಣಾಡಿಸಿದಳು. ಇಡೀ ಬೀದಿಗೆ ಹೆಸರು ಹುಡುಕಿದ ಮನುಷ್ಯ ಹದಿನಾಲ್ಕು ವರ್ಷದಿಂದ ಅವಳನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ತನ್ನ ಮೇಲಿನ ಸಿಟ್ಟನ್ನು ಜೊತೆಗೇ ತೆಗೆದುಕೊಂಡು ಹೋದನೇ ಎಂಬುದೊಂದೇ ಅವಳಿಗೆ ಗೊತ್ತಾಗಬೇಕಿತ್ತು. ಹೇಳಬೇಕಾದವನು ಒಳಗೆ ಮಲಗಿಬಿಟ್ಟಿದ್ದ.

*

ಅವಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಒಂದೂಕಾಲು ಕಿಲೋ ತೂಕ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ತಾಯಿ ಬೇರೆ ವಾರ್ಡಿನಲ್ಲಿ ಜ್ವರದಿಂದ ಎಚ್ಚರವಿಲ್ಲದೆ ಬಿದ್ದಿದ್ದಳು. ಮೂರನೇ ದಿನ ಡಾಕ್ಟರು ಅಪ್ಪನನ್ನು ಕಾರಿಡಾರಿಗೆ ಕರೆದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು.

ಆಮೇಲೆ ಜನನ ನೋಂದಣಿಯ ಗುಮಾಸ್ತ ಬಂದ.

"ಹೆಸರು ಇಟ್ಟಿದೀರಾ? ಇಲ್ಲಾಂದ್ರೆ ಹೆಣ್ಣು ಮಗು ಅಂತ ಬರ್ಕೋತೀನಿ."

"ಹಂಗೇ ಬರ್ಕೊಳ್ಳಿ. ಉಳಿದ್ರೆ ಆಮೇಲೆ ಇಟ್ಟರಾಯ್ತು," ಎಂದಳು ನರ್ಸು. ಅವಳೇನೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ಅಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಹೋಗುವುದೇ ಆದರೆ ಹೆಸರಿಲ್ಲದೆ ಯಾಕೆ ಹೋಗಬೇಕು? "ಐದು ನಿಮಿಷ ಕೊಡಿ ಸ್ವಾಮಿ," ಎಂದ.

ಬಸುರಿಯಾಗಿದ್ದಾಗ ಹೆಂಡತಿ ಬರೆದಿಟ್ಟ ಪಟ್ಟಿ ಅವನ ಜೇಬಿನಲ್ಲಿತ್ತು. ಎಲ್ಲ ದೊಡ್ಡ ದೊಡ್ಡ ಹೆಸರುಗಳು. ಗಾಜಿನ ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ತೂರಿಸಿ ಒಂದೊಂದನ್ನೇ ಕರೆದ. ಮಗು ಅಲುಗಲಿಲ್ಲ. ಪಟ್ಟಿ ಮುಗಿಯಿತು. ಅವನಿಗೆ ಅಳು ಬಂತು. ಅಳುವಿನ ನಡುವೆಯೇ, ಬಾಯಿಗೆ ಬಂದದ್ದನ್ನು ಅಂದ. "ಏ ಗುಬ್ಬಚ್ಚಿ. ಇಲ್ನೋಡೇ."

ಮಗು ಅವನ ಬೆರಳನ್ನು ಹಿಡಿಯಿತು.

"ಗುಬ್ಬಚ್ಚಿ ಅಂತ ಬರ್ಕೊಳ್ಳಿ."

"ಕರೆಯೋ ಹೆಸರಲ್ಲ ರೀ, ಬರೆಯೋ ಹೆಸರು ಹೇಳಿ."

"ಅದೇ. ಅದನ್ನೇ ಬರೀರಿ."

ವಾರ್ಡಿನಿಂದ ಎದ್ದು ಬಂದ ಹೆಂಡತಿ ಹಣೆ ಚಚ್ಚಿಕೊಂಡಳು. "ಮನೇಲಿ ಏನಾದ್ರೂ ಕರಿ, ಕಾಗದದಲ್ಲಿ ಯಾರಾದ್ರೂ ಇದನ್ನ ಬರೆಸ್ತಾರಾ?" ಎಂದು ಜಗಳಕ್ಕೆ ನಿಂತಳು. ಅವನು "ಅವಳೇ ಆರಿಸ್ಕೊಂಡಿದ್ದು, ನಾನು ಬರೆಸಿದೆ ಅಷ್ಟೇ," ಎಂದ. ಮಗು ಉಳಿದುಕೊಂಡಿತು. ಆ ದಿನಗಳ ಸುದ್ದಿಯನ್ನು ಮಗುವಿನ ಮುಂದೆ ಎಂದೂ ಎತ್ತಬಾರದೆಂದು ಇಬ್ಬರೂ ಮಾತಾಡಿಕೊಂಡರು, ಎತ್ತಲೂ ಇಲ್ಲ.

*

ಗುಬ್ಬಚ್ಚಿ ಹದಿನಾರನೇ ವಯಸ್ಸಿಗೇ ಅಪ್ಪನಿಗಿಂತ ಒಂದು ಗೇಣು ಎತ್ತರವಾದಳು. ಶಾಲೆಯಲ್ಲಿ ಹಾಜರಿ ಕರೆದಾಗಲೆಲ್ಲ ಹಿಂದಿನ ಬೆಂಚಿನಿಂದ ಚಿಂವ್ ಚಿಂವ್ ಎಂದು ಸದ್ದು ಬರುತ್ತಿತ್ತು. ಅದನ್ನೆಲ್ಲ ಹಲ್ಲು ಕಚ್ಚಿ ನುಂಗಿದಳು. ಕಾನೂನು ಓದಿ ಮುಗಿಸಿ ಹಿರಿಯ ವಕೀಲರೊಬ್ಬರ ಬಳಿ ಕೆಲಸ ಕೇಳಲು ಹೋದಾಗ, ಅವರು ಅರ್ಜಿ ನೋಡಿ ನಕ್ಕುಬಿಟ್ಟರು. "ಕೋರ್ಟಲ್ಲಿ ಈ ಹೆಸರು ಕೂಗಿದ್ರೆ ನಮ್ಮ ಕಕ್ಷಿದಾರ ಎದ್ದು ಹೋಗ್ತಾನಮ್ಮ," ಎಂದರು.

ಅವಳು ತಿಂಗಳೊಳಗೆ ಹೆಸರು ಬದಲಾಯಿಸಿದಳು. ಐದಕ್ಷರದ, ನಡುವೆ ಎರಡು ಒತ್ತು ಬರುವ, ಕೇಳಿದವರು ನೆಟ್ಟಗೆ ಕೂರುವಂಥ ಹೆಸರು. ಮೊಹರು ಬಿದ್ದ ಕಾಗದವನ್ನು ಅಪ್ಪನ ಇಸ್ತ್ರಿ ಮೇಜಿನ ಮೇಲಿಟ್ಟು, ಜಗಳಕ್ಕೆ ಸಿದ್ಧಳಾಗಿ ನಿಂತಳು.

ಅಪ್ಪ ಜಗಳವಾಡಲಿಲ್ಲ. ತುಟಿ ಅಲುಗಿಸುತ್ತಾ ಓದಿದ. "ಚೆನ್ನಾಗಿದೆ," ಎಂದ. ಆಮೇಲೆ ಕರೆದು ನೋಡಲು ಹೋದ. ಮೊದಲ ಒತ್ತಿನಲ್ಲಿ ನಾಲಿಗೆ ಸಿಕ್ಕಿಕೊಂಡಿತು. ಇನ್ನೊಂದು ಸಲ ಪ್ರಯತ್ನಿಸಿದ. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ ಮುಗುಳ್ನಕ್ಕ.

"ಬೇಡ ಬಿಡಪ್ಪ," ಎಂದಳು ಮಗಳು. "ನಿನ್ನ ಬಾಯಲ್ಲಿ ಇದೂ ಗುಬ್ಬಚ್ಚಿ ಆಗ್ಬಿಡುತ್ತೆ."

ಆ ಮಾತನ್ನು ಅವಳು ಆ ವಾರವೇ ಮರೆತಳು. ಅವನು ಕಾಗದವನ್ನು ಮಡಿಸಿ ವಾಪಸು ಕೊಟ್ಟ.

ಅಂದಿನಿಂದ ಅಪ್ಪ ಫೋನು ಮಾಡಿದರೆ "ಹಲೋ, ನಾನು" ಎನ್ನುತ್ತಿದ್ದ. ಅವಳು ಮನೆಗೆ ಬಂದರೆ "ಬಂದ್ಯಾ" ಎನ್ನುತ್ತಿದ್ದ. ಅವಳು ಒಳಗಿನ ಕೋಣೆಯಲ್ಲಿದ್ದರೆ ಕೂಗುತ್ತಿರಲಿಲ್ಲ. ಮಂಡಿ ನೋವಿದ್ದರೂ ಎದ್ದು, ಅಲ್ಲಿಯವರೆಗೆ ನಡೆದು ಹೋಗಿ, ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡು, ಊಟಕ್ಕೆ ಏಳು ಎನ್ನುತ್ತಿದ್ದ. ಮಗಳು ಅದನ್ನು ಮುನಿಸು ಎಂದುಕೊಂಡಳು. ಮೊದಲು ಕೋಪ ಬಂತು, ಆಮೇಲೆ ಬೇಸರ, ಆಮೇಲೆ ಬರುವುದೇ ಕಡಿಮೆಯಾಯಿತು.

*

ವ್ಯಾನು ಹನ್ನೆರಡಕ್ಕೆ ಬಂತು. ಶರಟು ತೊಡಿಸುವಾಗ ತೋಳು ಬಗ್ಗಲಿಲ್ಲ. ಅತ್ತೆ "ಸ್ವಲ್ಪ ಸಡಿಲ ಬಿಡಪ್ಪಾ, ಸುಕ್ಕಾಗುತ್ತೆ," ಎಂದು ಗದರಿ, ಗದರಿದ್ದಕ್ಕೆ ತಾನೇ ಅತ್ತಳು. ಮೇಷ್ಟ್ರು, ಡ್ರೈವರು, ಇನ್ನಿಬ್ಬರು ಎತ್ತಿ ವ್ಯಾನಿನಲ್ಲಿ ಮಲಗಿಸಿದರು.

ಚಿತಾಗಾರದ ಕಚೇರಿ ಎಂದರೆ ಒಂದು ಕಿಟಕಿ, ಅದರ ಹಿಂದೆ ದಪ್ಪ ಪುಸ್ತಕ, ಪುಸ್ತಕದ ಹಿಂದೆ ಒಬ್ಬ ಗುಮಾಸ್ತ. ಮುಂದೆ ಸಾಲು. ವ್ಯಾನು ಅಂಗಳದಲ್ಲಿ ನಿಂತಿತ್ತು. ಮಗಳ ಸರದಿ ಬಂದಾಗ ಅವನು ತಲೆಯೆತ್ತದೆ ಕೇಳುತ್ತಾ ಹೋದ. ಸತ್ತವರ ಹೆಸರು, ವಯಸ್ಸು, ಕಸುಬು. ಅವಳು ಎಲ್ಲಕ್ಕೂ ಸ್ಪಷ್ಟವಾಗಿ ಉತ್ತರಿಸಿದಳು.

"ನೀವು ಏನಾಗ್ಬೇಕು?"

"ಮಗಳು."

"ನಿಮ್ಮ ಹೆಸರು?"

ಅವಳು ಬಾಯಿ ತೆರೆದಳು. ಹೊಸ ಹೆಸರು ಹೇಳೋಣವೆಂದರೆ ಅದನ್ನು ಅಪ್ಪ ಒಂದು ಸಲವೂ ಕರೆದಿರಲಿಲ್ಲ. ಹಳೆಯದನ್ನು ಅವಳೇ ಬಿಸಾಕಿದ್ದಳು. ನ್ಯಾಯಾಧೀಶರ ಮುಂದೆ ಗಂಟೆಗಟ್ಟಲೆ ವಾದ ಮಾಡುವವಳು ಪುಸ್ತಕದ ಖಾಲಿ ಗೆರೆಯನ್ನು ನೋಡುತ್ತಾ ನಿಂತಳು. ಗುಮಾಸ್ತ ಪೆನ್ನು ಹಿಡಿದು ಕಾದ.

ಹಿಂದಿನಿಂದ ಇಸ್ತ್ರಿ ಅತ್ತೆ ಹೆಸರು ಹೇಳಿದಳು. ಐದಕ್ಷರ, ಎರಡು ಒತ್ತು, ಎಲ್ಲೂ ತಡವರಿಸಲಿಲ್ಲ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುವ ಅತ್ತೆ.

ಮಗಳು ತಿರುಗಿದಳು. "ನಿಂಗೆ ಹೆಂಗೆ ಬರುತ್ತೆ ಇದು?"

"ಬರ್ದೆ ಏನು? ದಿನಾ ಇದೇ ಪಾಠ. ಪೆಟ್ಟಿಗೆ ಕಾಯೋವರ್ಗೂ ನಿಮ್ಮಪ್ಪ ಹೇಳೋದು, ನಾನು ಕೇಳೋದು. 'ಈಗ ಸರಿಯಾಯ್ತಾ ಅಕ್ಕ?' ಅಂತ. ಅವನ ಬಾಯಿಗಿಂತ ಮುಂಚೆ ನನ್ನ ಬಾಯಿಗೆ ಬಂತು. ಅದಕ್ಕೂ ನನ್ನ ಮೇಲೇ ಸಿಟ್ಟು."

"ನನ್ನ ಹತ್ರ ಒಂದ್ಸಲಾನೂ..."

"ನಾನೂ ಬೈದೆ. ತಪ್ಪಾದ್ರೇನಂತೆ, ನಿನ್ನ ಮಗಳು ತಾನೇ, ಕರಿ ಅಂತ. ಕೇಳ್ಬೇಕಲ್ಲ. 'ಒಂದ್ಸಲ ಅವಳ ಹೆಸರು ಕೆಡಿಸಿದೀನಿ, ಎರಡನೇ ಸಲ ಕೆಡಿಸಲ್ಲ' ಅನ್ನೋನು." ಅತ್ತೆ ಮುಖ ಒರೆಸಿಕೊಂಡಳು. "ಈ ವರ್ಷ ನಾಲಿಗೆ ಹೊರಳ್ತು ಮಗಾ. ಚೆನ್ನಾಗೇ ಬರ್ತಿತ್ತು. ಫೋನಲ್ಲಾದ್ರೂ ಹೇಳು ಅಂದೆ. 'ಬೇಡ, ಮುಖ ನೋಡ್ಬೇಕು. ಬರ್ತಾಳಲ್ಲ, ಬಾಗಿಲಲ್ಲೇ ಕರೀತೀನಿ' ಅಂದ."

ಮಗಳು ಕೊನೆಯ ಸಲ ಬಂದು ಏಳು ತಿಂಗಳಾಗಿತ್ತು. ಎರಡು ಸಲ ಬರುತ್ತೇನೆಂದು ಹೇಳಿ, ಕೇಸು ಮುಗಿಯಲಿ ಎಂದು ಮುಂದೂಡಿದ್ದಳು. ಎರಡು ಸಲವೂ ಅವನು ಆಗಲಿ ಎಂದಿದ್ದ. ಅವಳು ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡಳು.

"ಒತ್ತು ಎಲ್ಲೆಲ್ಲಿ ಬರುತ್ತೆ?" ಎಂದ ಗುಮಾಸ್ತ. "ಇನ್ನೊಂದ್ಸಲ ಹೇಳೀಮ್ಮ."

"ಒತ್ತುಗಿತ್ತು ನಂಗೆ ಗೊತ್ತಿಲ್ಲ," ಎಂದಳು ಅತ್ತೆ. "ಅವನು ಹೆಂಗೆ ಕರೀತಿದ್ನೋ ಹಂಗೆ ಹೇಳ್ತೀನಿ, ಬರ್ಕೊಳ್ಳಿ."

ಅವಳು ಉಸಿರೆಳೆದುಕೊಂಡು ಗಲ್ಲ ಎತ್ತಿದಳು. ಬಾಗಿಲಲ್ಲಿ ನಿಂತವರು ಒಳಗಿನ ಕೋಣೆಯವರನ್ನು ಕೂಗುವಂತೆ, ಕೊನೆಯ ಅಕ್ಷರವನ್ನು ತುಸು ಎಳೆದು, ಆ ಹೆಸರನ್ನು ಗಟ್ಟಿಯಾಗಿ ಕರೆದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ಬಂದೆ ಅಪ್ಪಾ," ಎಂದಳು ಮಗಳು.

ಅಂದವಳು ಅಂಗಳದ ಕಡೆ ತಿರುಗಿಯೂ ಆಗಿತ್ತು. ಅಲ್ಲಿ ವ್ಯಾನಿನ ಹಿಂಬಾಗಿಲು ತೆರೆದು, ನಾಲ್ಕು ಜನ ಅವನನ್ನು ಕೆಳಗಿಳಿಸುತ್ತಿದ್ದರು.