ಮೊದಲ ದಿನ ಬರೆದದ್ದು

ನಿಸಾರ್ ಮುನ್ಷಿಯ ಶವವನ್ನು ಎರಡನೆಯ ಸಲ ಬೀದಿಯಲ್ಲೇ ಕೆಳಗಿಳಿಸಿದರು. ಹಿಂದೆ ಗುಲಾಬಿಯ ಬುಟ್ಟಿ ಹೊತ್ತು ಬರುತ್ತಿದ್ದ ಹೂವಿನ ಬತಾಸಿಯಾಳಿಗೆ ಮೈಯೆಲ್ಲ ಉರಿಯಿತು. ಅಲಹಾಬಾದಿನ ಜ್ಯೇಷ್ಠದ ಬಿಸಿಲು. ಸತ್ತವನನ್ನು ಹೀಗೆ ಕಾಯಿಸುವುದೇ?

ಸಾಯುವ ಮುನ್ನ ಮುನ್ಷಿ ಕೇಳಿದ್ದು ಒಂದೇ: ನೇಕಾರರ ಗೋರಿಸ್ಥಾನದಲ್ಲಿ ತಾಯಿಯ ಪಕ್ಕ ಆರಡಿ ಮೂರಡಿ ಜಾಗ.

"ಮಗ್ಗ ಬಿಟ್ಟು ನಲವತ್ತು ವರ್ಷ ವಕೀಲರ ಹತ್ರ ಬರ್ಕೊಂಡಿದ್ದೋನು. ಈಗ ನಮ್ಮೋನು ಅಂತ ನಾನ್ಹೆಂಗೆ ಹೇಳ್ಲಿ? ಗೋರಿಸ್ಥಾನದೋರನ್ನ ಕೇಳಿ," ಎಂದ ನೇಕಾರರ ಯಜಮಾನ ಹಬೀಬುಲ್ಲಾ.

"ನಾನು ಬರೀ ಕಾವಲಿನೋನು. ಯಜಮಾನ್ರು ಹೂಂ ಅನ್ಲಿ, ಗುದ್ದಲಿ ಹಿಡೀತೀನಿ," ಎಂದ ಗೋರಿಸ್ಥಾನದ ಶಫಾಯತ್.

ಮುನ್ಷಿಯ ಮಗ ಜಮೀಲ್ ಇಬ್ಬರ ಮುಖವನ್ನೂ ನೋಡಿ ಕಣ್ಣೊರೆಸಿಕೊಂಡ. ಬತಾಸಿಯಾ ಈ ಆಟವನ್ನು ಮೊದಲೇ ಕಂಡವಳು.

*

ಹದಿನೆಂಟು ವರ್ಷದ ಹಿಂದೆ ಮೈದುನ ಅವಳ ಹೂದೋಟ ಕಿತ್ತುಕೊಂಡಿದ್ದ. ಕೆಳಗಿನ ಕೋರ್ಟಿನಲ್ಲಿ ಸೋತಳು. ಅಪೀಲು ಯಾವ ಕೋರ್ಟಿಗೆ ಎಂಬುದು ಆಸ್ತಿಯ ಬೆಲೆಯ ಮೇಲೆ; ತೋಟಕ್ಕೆ ಅವಳು ದಾವೆಯಲ್ಲಿ ಬರೆಸಿದ ಬೆಲೆ ಕಡಿಮೆ, ತೀರ್ಪಿನಲ್ಲಿ ಕಂಡ ಬೆಲೆ ಹೆಚ್ಚು. ಅಪೀಲು ಹಿಡಿದು ಹೋದರೆ ಜಿಲ್ಲಾ ಕೋರ್ಟು ಹೈಕೋರ್ಟಿಗೆ ಹೋಗೆಂದಿತು. ಹೈಕೋರ್ಟಿನ ಕಚೇರಿ ಜಿಲ್ಲಾ ಕೋರ್ಟಿಗೆ ಹೋಗೆಂದಿತು. ಮುನ್ಷಿ ಗುಮಾಸ್ತನಾಗಿದ್ದ ವಕೀಲರೂ ಕೈಚೆಲ್ಲಿದರು.

"ಅಳಬೇಡಮ್ಮ," ಎಂದಿದ್ದ ಮುನ್ಷಿ. "ಮೊದಲ ದಿನ ನೀನು ಬರೆಸಿದ್ದೇ ಲೆಕ್ಕ. ಆಮೇಲೆ ಯಾರೇನು ಗೀಚಿದ್ರೂ ಅಪೀಲಿನ ಬಾಗಿಲು ಬದಲಾಗಲ್ಲ. ಹೈಕೋರ್ಟಿನ ಬಾಯಿಂದ್ಲೇ ಹೇಳಿಸ್ತೀನಿ ನೋಡು!"

ವಕೀಲರು ನಕ್ಕರು. ಮುನ್ಷಿ ಬಿಡಲಿಲ್ಲ, ಹಳೆಯ ತೀರ್ಪುಗಳ ಧೂಳು ಕುಡಿದು ಅರ್ಜಿ ಬರೆದುಕೊಟ್ಟ. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು: ಜಿಲ್ಲಾ ನ್ಯಾಯಾಧೀಶರೇ ಅಪೀಲು ಕೇಳತಕ್ಕದ್ದು. ಅಲ್ಲಿ ಗೆದ್ದಳು, ತೋಟ ಮರಳಿ ಬಂತು. ತೀರ್ಪಿನ ಪುಸ್ತಕದಲ್ಲಿ ವಕೀಲರ ಹೆಸರು ಅಚ್ಚಾಯಿತು, ಮುನ್ಷಿಯದಿಲ್ಲ. ಅವಳಿಗೆ ಅದೊಂದು ಸಂಕಟ ಇಂದಿಗೂ ಇದೆ.

*

ಬತಾಸಿಯಾ ಬುಟ್ಟಿ ಇಳಿಸಿ ಮುಂದೆ ಬಂದಳು.

"ಯಜಮಾನ್ರೇ, ಮುನ್ಷಿ ಹುಟ್ಟಿದ ದಿನ ಮಗೂ ಕಿವೀಲಿ ಬಾಂಗು ಹೇಳಿದ್ದು ಯಾರು?"

"ಅದ್ಯಾಕೀಗ?"

"ಹೇಳಿ ಅಂದ್ರೆ!"

ಗೋಡೆಗೊರಗಿದ್ದ ಮುದಿ ನೇಕಾರನೊಬ್ಬ ಬಾಯಿಬಿಟ್ಟ. "ಹಬೀಬನ ಅಪ್ಪ ಕಣಮ್ಮ. ಇದೇ ಬೀದೀಲಿ. ನಾನೇ ಕಂಡಿದೀನಿ."

"ಸರಿಹೋಯ್ತು! ಮೊದಲ ದಿನದ್ದೇ ಲೆಕ್ಕ ಅಂತ ಹೈಕೋರ್ಟೇ ಹೇಳೈತೆ. ನಿಮ್ಮಪ್ಪ ನಮ್ಮೋನು ಅಂತ ಒಪ್ಪಿದ್ದನ್ನ ನೀವು ಅಳಿಸ್ತೀರಾ? ಹಂಗಿದ್ರೆ ಅವರ ಗೋರಿ ಮುಂದೆ ನಿಂತ್ಕೊಂಡು ಹೇಳಿ ನಡೀರಿ, ನಾನೂ ಬರ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಹಬೀಬುಲ್ಲಾ ಟೋಪಿ ತೆಗೆದು ತಲೆ ಕೆರೆದುಕೊಂಡ. "ಈ ಹೆಂಗಸಿನ ಹತ್ರ ವಾದ ಮಾಡೋಕಾಗುತ್ತಾ! ಎತ್ರಪ್ಪಾ," ಎಂದ.

ಶಫಾಯತ್ ತಾಯಿಯ ಪಕ್ಕದಲ್ಲೇ ಗೋರಿ ತೋಡಿದ. ಗೋರಿಗೆ ಇಳಿದು ಶವವನ್ನು ಕೈನೀಡಿ ಇಳಿಸಿಕೊಳ್ಳುವುದು ಹತ್ತಿರದ ನೆಂಟರ ಹಕ್ಕು. ಜಮೀಲ್ ಇಳಿದ. ಇನ್ನೊಂದು ಕೊನೆಗೆ ಯಾರೆಂದು ಜನ ಮುಖ ಮುಖ ನೋಡಿಕೊಂಡರು. ಹಬೀಬುಲ್ಲಾ ಚಪ್ಪಲಿ ಕಳಚಿ, ಲುಂಗಿ ಮೇಲೆತ್ತಿ ಕಟ್ಟಿ, ಹಸಿಮಣ್ಣಿಗೆ ಇಳಿದು ಎರಡೂ ಕೈ ಮೇಲೆ ಚಾಚಿದ.

"ನಿಧಾನ," ಎಂದ. "ತಲೆ ಕಡೆ ನನಗೆ ಕೊಡಿ."